ಟ್ರ್ಯಾಕ್‌ಗೆ ಯಾವ ಹಳೇ ಕಾರು? ಮೆಕ್ಯಾನಿಕಲ್ 2009 ಬ್ಯಾಚಿನ ಚಾಟ್ ಗುಂಪಿನಲ್ಲಿ ಒಂದು ರಾತ್ರಿ

ನಾಗೇಶ: [6 ಫೋಟೋಗಳು] ನೋಡ್ರಪ್ಪಾ. 2014ರ ಪೋಲೋ ಜಿಟಿ ಟಿಎಸ್‌ಐ, ಟರ್ಬೋ ಪೆಟ್ರೋಲ್, ಡಿಎಸ್‌ಜಿ ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 68 ಸಾವಿರ ಕಿಮೀ ಓಡಿದೆ, ಸೆಕೆಂಡ್ ಓನರ್. 4.80 ಲಕ್ಷ ಹೇಳುತ್ತಿದ್ದಾನೆ. ನನ್ನ ಬಜೆಟ್ ಎಲ್ಲ ಸೇರಿ ಐದು. ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗೆ ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರು ಟ್ರ್ಯಾಕಿನಲ್ಲಿ ಓಡಿಸೋಕೆ ಹೋಗಬೇಕು, ಅಷ್ಟೇ ಆಸೆ. ನಾಳೆ ಅಡ್ವಾನ್ಸ್ ಕೊಟ್ಟುಬಿಡಲಾ?

ಮಂಜು: ಯೋಚನೆ ಮಾಡಬೇಡ, ತಗೋ. 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್. ಸೊನ್ನೆಯಿಂದ ನೂರಕ್ಕೆ ಹತ್ತು ಸೆಕೆಂಡಿನ ಒಳಗೆ. ಈ ದುಡ್ಡಿಗೆ ಇಷ್ಟು ಓಡುವ ಕಾರು ಇನ್ನೊಂದಿಲ್ಲ.

ರವಿ: ಫಿಯಟ್‌ನ ಅಬಾರ್ತ್ ಪುಂಟೋ ಸಿಕ್ಕರೆ ನೋಡು ಕಣೋ. 145 ಪಿಎಸ್! ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್.

ನಾಗೇಶ: ಅದು ಸಿಗೋದೇ ಕಷ್ಟ. ಸಿಕ್ಕರೂ ಐದಕ್ಕೆ ಬರಲ್ಲ. ಶೋಭಾ, ನೀನು ಹೇಳು. ಕೊಯಮತ್ತೂರಿನಲ್ಲಿದ್ದೀಯ, ಅಲ್ಲಿನ ರೇಸ್ ಟ್ರ್ಯಾಕ್ ಕರಿ ಸ್ಪೀಡ್‌ವೇಗೆ ಹೋಗುತ್ತಾ ಇರುತ್ತೀಯ.

ಶೋಭಾ: ಅಡ್ವಾನ್ಸ್ ಕೊಡಬೇಡ. ಮೊದಲು ನೀನೇ ಹಾಕಿದ ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡು. ಮುಂದಿನ ಎಡ ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ 2817 ಅಂತಿದೆ. ಅಂದರೆ 2017ರ 28ನೇ ವಾರ ತಯಾರಾದ ಟೈರು. ಟೈರಿನ ಗೀರು ಎಷ್ಟೇ ಆಳ ಉಳಿದಿರಲಿ, ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ. ಅದರ ಮೇಲೆ ಟ್ರ್ಯಾಕ್‌ಗೆ ಇಳಿಯೋ ಹಾಗೇ ಇಲ್ಲ. ಅದೇ ಟೈರಿನ ಒಳಅಂಚು ಹೊರಅಂಚಿಗಿಂತ ಜಾಸ್ತಿ ಸವೆದಿದೆ. ಚಕ್ರದ ಅಲೈನ್‌ಮೆಂಟ್ ಹೋಗಿರಬೇಕು, ಇಲ್ಲಾ ಸಸ್ಪೆನ್ಶನ್ನಿನ ರಬ್ಬರ್ ಬುಷ್ ಹೋಗಿರಬೇಕು. 4.80 ಕೊಟ್ಟರೆ ನಿನ್ನ ಕೈಯಲ್ಲಿ ಉಳಿಯೋದು 20 ಸಾವಿರ. ನಾಲ್ಕು ಟೈರಿಗೇ ಸಾಲಲ್ಲ.

ಮಂಜು: ಟೈರು ಯಾವ ಕಾರು ತಗೊಂಡರೂ ಹಾಕಿಸಬೇಕಲ್ವಾ?

ಶೋಭಾ: ಹೌದು. ಅದಕ್ಕೇ ಹೇಳುತ್ತಿರುವುದು, ಐದು ಲಕ್ಷವನ್ನೂ ಕಾರಿಗೇ ಸುರಿಯಬೇಡ ಅಂತ. ಮೂರಕ್ಕೆ ಕಾರು ತಗೋ, ಎರಡು ಲಕ್ಷ ಕೈಯಲ್ಲಿ ಇಟ್ಕೋ. ಟೈರು, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬುಷ್, ಹೆಲ್ಮೆಟ್, ಪೆಟ್ರೋಲ್, ಟ್ರ್ಯಾಕ್ ಫೀಸ್, ಎಲ್ಲಾ ಅದರಲ್ಲೇ ಬರಬೇಕು. ನನ್ನ ಆಯ್ಕೆ 2012ರಿಂದ 2014ರೊಳಗಿನ ಸ್ವಿಫ್ಟ್ ಪೆಟ್ರೋಲ್, ಮ್ಯಾನುಯಲ್. ಮೇಲಿನ ಮಾಡೆಲ್ ಝಡ್‌ಎಕ್ಸ್‌ಐ ಸಿಕ್ಕರೆ ತುಂಬಾ ಒಳ್ಳೇದು, ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಳ್ಳದ ಹಾಗೆ ನೋಡುವ ಎಬಿಎಸ್ ಇರುತ್ತದೆ. ಆ ಕಾಲದ ಕೆಳಗಿನ ಮಾಡೆಲ್ ಎಲ್‌ಎಕ್ಸ್‌ಐನಲ್ಲಿ ಇರಲಿಲ್ಲ.

ಮಂಜು: ಸ್ವಿಫ್ಟಾ?! ಅದರಲ್ಲಿ ಅಮ್ಮಂದಿರು ತರಕಾರಿ ತರ್ತಾರೆ ಕಣೇ.

ಶೋಭಾ: ತರಲಿ. ಲೆಕ್ಕ ನೋಡು. ಪೋಲೋ ಸುಮಾರು 1,100 ಕೆಜಿ, 105 ಪಿಎಸ್. ಟನ್ನಿಗೆ 95. ಸ್ವಿಫ್ಟ್ ಸುಮಾರು 965 ಕೆಜಿ, 87 ಪಿಎಸ್. ಟನ್ನಿಗೆ 90. ಟರ್ಬೋ ಇರುವುದರಿಂದ ತಿರುವು ಮುಗಿಸಿ ಹೊರಗೆ ಬರುವಾಗ ಪೋಲೋನೇ ಮುಂದೆ, ಒಪ್ಪುತ್ತೇನೆ. ಆದರೆ ನಾಗೇಶ ರೇಸ್ ಗೆಲ್ಲೋಕೆ ಹೋಗುತ್ತಿಲ್ಲ. ಓಡಿಸೋದು ಕಲಿಯೋಕೆ ಹೋಗುತ್ತಿದ್ದಾನೆ. ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಬಿಡಬೇಕು, ಸ್ಟೀರಿಂಗ್ ಯಾವಾಗ ಸಡಿಲ ಮಾಡಬೇಕು ಅನ್ನುವುದನ್ನು ಪವರ್ ಕಮ್ಮಿ ಇರುವ ಕಾರು ಚೆನ್ನಾಗಿ ಕಲಿಸುತ್ತದೆ. ತಿರುವಿನಲ್ಲಿ ಕಳಕೊಂಡ ವೇಗವನ್ನು ಅದು ಸುಮ್ನೆ ವಾಪಸ್ ಕೊಡಲ್ಲ. ತಪ್ಪು ತಕ್ಷಣ ಗೊತ್ತಾಗುತ್ತದೆ.

ಶೋಭಾ: ಇನ್ನೊಂದು ವಿಷಯ ಆ ಗೇರ್‌ಬಾಕ್ಸು. ಏಳು ಗೇರಿನ ಡಿಎಸ್‌ಜಿಯಲ್ಲಿ ಇರುವುದು ಡ್ರೈ ಕ್ಲಚ್. ಅದನ್ನು ತಣ್ಣಗಿಡೋಕೆ ಸುತ್ತ ಆಯಿಲ್ ಇರಲ್ಲ. ಹತ್ತು ವರ್ಷ ದಾಟಿದ ಗೇರ್‌ಬಾಕ್ಸನ್ನು ಚೆನ್ನೈ ಬಿಸಿಲಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಓಡಿಸಿ, ಆಮೇಲೆ ಅದೇ ಕಾರಿನಲ್ಲಿ ಬೆಂಗಳೂರಿಗೆ 300 ಕಿಮೀ ವಾಪಸ್ ಬರಬೇಕು. ಕೆಟ್ಟರೆ ಲಕ್ಷದ ಮೇಲೆ ಬಿಲ್. ಸ್ವಿಫ್ಟಿನ ಕ್ಲಚ್ ಪ್ಲೇಟ್ ಹೋದರೆ ವೆಲ್ಲೂರಿನಲ್ಲೇ ಹಾಕಿಸಿಕೊಂಡು ಬರಬಹುದು.

ಮಂಜು: ಹಾಗಾದರೆ 2020ರ ನಂತರದ ಪೋಲೋ ನೋಡಲಿ. 1.0 ಟಿಎಸ್‌ಐ, 110 ಪಿಎಸ್, ಆರು ಗೇರ್ ಮ್ಯಾನುಯಲ್. ನಿನ್ನ ಕ್ಲಚ್ ತಕರಾರೇ ಇರಲ್ಲ.

ಶೋಭಾ: ಒಳ್ಳೇ ಕಾರು. ಮನಸಾರೆ ಹೇಳುತ್ತೇನೆ. ಐದು ಲಕ್ಷಕ್ಕೆ ಒಂದು ಚೆನ್ನಾಗಿರೋದು ಹುಡುಕಿಕೊಡು, ನಾನೇ ನಾಗೇಶನಿಗೆ ತಗೋ ಅಂತೀನಿ.

ರವಿ: ಮಾರುತಿ ಬಲೆನೋ ಆರ್‌ಎಸ್? 102 ಪಿಎಸ್ ಬೂಸ್ಟರ್‌ಜೆಟ್ ಟರ್ಬೋ ಎಂಜಿನ್, 950 ಕೆಜಿ, ಹಿಂದೆಯೂ ಡಿಸ್ಕ್, ಮ್ಯಾನುಯಲ್. 2017ರಲ್ಲಿ ಬಂದಿದ್ದು.

ಶೋಭಾ: ರವಿ, ಇಷ್ಟು ಹೊತ್ತಿನಲ್ಲಿ ಬಂದ ಒಳ್ಳೇ ಮಾತು ಇದು. ಬೆಲೆ ಕೈಗೆಟುಕಿದರೆ ಸ್ವಿಫ್ಟಿಗಿಂತ ಮೊದಲು ಅದನ್ನೇ ನೋಡಲಿ. ಕಷ್ಟ ಏನಂದರೆ ಅದು ಮಾರಾಟವಾಗಿದ್ದೇ ಕಮ್ಮಿ, ಹುಡುಕಬೇಕು.

ಗಿರೀಶ: ಈಗ ನೋಡಿದೆ. ಒಂದು ಮಾತು, ಕಾರು ಯಾವುದಾದರೂ ಆಗಲಿ. ಟ್ರ್ಯಾಕ್ ಮೇಲೆ ಗುದ್ದಿದರೆ ಇನ್ಶೂರೆನ್ಸ್ ಸಿಗುತ್ತದೆ ಅಂತ ನಂಬಬೇಡಿ. ಇಲ್ಲಿನ ಸಾಮಾನ್ಯ ಕಾರ್ ಪಾಲಿಸಿಗಳಲ್ಲಿ ಸಂಘಟಿತ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಎರಡನ್ನೂ ಹೊರಗಿಟ್ಟಿರುತ್ತಾರೆ. ಸವಕಳಿ ಕಳೆಯದೆ ದುಡ್ಡು ಕೊಡುವ ಬಂಪರ್ ಟು ಬಂಪರ್ ಪಾಲಿಸಿ ಇದ್ದರೂ ಅಷ್ಟೇ. ಪೂರ್ತಿ ಕಾರು ಹೋದರೂ ತಡಕೊಳ್ಳೋಕೆ ಆಗುವಷ್ಟು ಬೆಲೆಯದ್ದು ಮಾತ್ರ ತಗೋ ನಾಗೇಶ. ಬ್ಯಾಂಕ್ ಸಾಲ ಮಾಡಬೇಡ.

ನಾಗೇಶ: ಇದು ಗೊತ್ತೇ ಇರಲಿಲ್ಲ. ಹಾಗಾದರೆ ಇನ್ನೂ ಅಗ್ಗದ್ದು, ಮಾರುತಿಯ ಹಳೇ ಎಸ್ಟೀಮ್ ತಗೊಂಡರೆ? ರೇಸಿನಲ್ಲಿ ಎಷ್ಟೊಂದು ಓಡುತ್ತಿದ್ದವು.

ಗಿರೀಶ: ಎಸ್ಟೀಮ್ 2007ಕ್ಕೇ ನಿಂತುಹೋಯಿತು. ಹಾಗಾಗಿ ಎಲ್ಲವೂ 15 ವರ್ಷ ದಾಟಿವೆ. ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಲಾರಿ ಮೇಲೆ ಹೇರಿಕೊಂಡು ಟ್ರ್ಯಾಕ್‌ಗೆ ಹೋಗುವವರಿಗೆ ಸರಿ. ಓಡಿಸಿಕೊಂಡೇ ಹೋಗಿ ಬರುವವನಿಗೆ ಬೇಡ.

ಮಂಜು: ಎಲ್ಲಾ ಸರಿ. ಆದರೆ ಇಷ್ಟಪಟ್ಟು ತಗೊಂಡ ಕಾರಿನ ಖುಷಿನೇ ಬೇರೆ. ಗ್ಯಾರೇಜಿನಲ್ಲಿ ನಿಂತಿದ್ದನ್ನು ನೋಡಿದರೂ ಖುಷಿ ಆಗಬೇಕು.

ಶೋಭಾ: ಆ ಮಾತು ಸುಳ್ಳಲ್ಲ ಮಂಜು. ಆದರೆ ನಾನು ಪ್ರತಿ ಸಲ ಕಣ್ಣಾರೆ ನೋಡುವುದು ಬೇರೆ. ಪವರ್ ಇರುವ ಕಾರು ತಂದವರು ನಾಲ್ಕನೇ ಐದನೇ ಲ್ಯಾಪಿಗೆ ಟ್ರ್ಯಾಕ್ ಪಕ್ಕದ ಪಿಟ್ಟಿಗೆ ವಾಪಸ್ ಬರುತ್ತಾರೆ. ಪ್ಯಾಡಿನಿಂದ ಸುಟ್ಟ ವಾಸನೆ, ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತಿರುತ್ತದೆ. 120ರಿಂದ ನಿಲ್ಲಿಸುವುದಕ್ಕಿಂತ 150ರಿಂದ ನಿಲ್ಲಿಸುವಾಗ ಬ್ರೇಕಿಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಶಾಖ ಬರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಬದಲಾಯಿಸದ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ. ಗುಳ್ಳೆ ಬಂದರೆ ಬ್ರೇಕ್ ಇಲ್ಲ. ಶ್ರೀಪೆರಂಬುದೂರು ಒಂದು ಲ್ಯಾಪಿಗೆ 3.7 ಕಿಮೀ. ಅಲ್ಲಿ ಕಾರು ನಿಲ್ಲದಿದ್ದರೆ ಏನಾಗಬಹುದು ಅಂತ ನಿನಗೆ ಹೇಳಬೇಕಾ? ಬ್ರೇಕಿಗೆ ದುಡ್ಡು ಉಳಿಸದೆ ಎಂಜಿನ್ನಿಗೆ ಕೊಡುವುದನ್ನು ನನ್ನಿಂದ ಒಪ್ಪೋಕೆ ಆಗಲ್ಲ.

ನಾಗೇಶ: ಸರಿ, ಅಡ್ವಾನ್ಸ್ ಕೊಡಲ್ಲ. ತುಮಕೂರಿನಲ್ಲಿ 2013ರ ಝಡ್‌ಎಕ್ಸ್‌ಐ ಒಂದಿದೆ, 2.90ಕ್ಕೆ. ಭಾನುವಾರ ಹೋಗಿ ನೋಡಲಾ? ಏನೇನು ನೋಡಬೇಕು?

ಶೋಭಾ: ಬೆಳಿಗ್ಗೆನೇ ಹೋಗು, ಎಂಜಿನ್ ತಣ್ಣಗಿರುವಾಗ ನೀನೇ ಸ್ಟಾರ್ಟ್ ಮಾಡು. ಹೊಗೆ ನೋಡು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು, ವೆಲ್ಡಿಂಗ್ ಇದೆಯಾ ನೋಡು. ಖಾಲಿ ರಸ್ತೆಯಲ್ಲಿ 80ರಿಂದ ಜೋರಾಗಿ ಬ್ರೇಕ್ ಹಿಡಿ. ಒಂದು ಕಡೆಗೆ ಎಳೆಯಬಾರದು. ತಗೊಂಡರೆ ಮೊದಲ ಕೆಲಸ ಹೊಸ ಬ್ರೇಕ್ ಆಯಿಲ್, ಒಳ್ಳೇ ಪ್ಯಾಡ್, ಎಂಜಿನ್ ಆಯಿಲ್ ಮೇಲಿನ ಗೆರೆವರೆಗೆ. ಟ್ರ್ಯಾಕಿನಲ್ಲಿ ಕೊನೆಯ ಲ್ಯಾಪ್ ನಿಧಾನಕ್ಕೆ ಓಡಿಸಿ ಬ್ರೇಕ್ ತಣ್ಣಗಾಗೋಕೆ ಬಿಡು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಬಿಸಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಡು.

ಮಂಜು: ತುಮಕೂರಿಗೆ ನಾನೂ ಬರುತ್ತೇನೆ. ಬುಷ್ ನೋಡೋಕೆ ಜಾಕ್ ನನ್ನ ಹತ್ತಿರ ಇದೆ. ಆದರೂ ಹೇಳುತ್ತೇನೆ, ಪೋಲೋ ಬಿಟ್ಟಿದ್ದು ಬೇಜಾರು.

ನಾಗೇಶ: ಏಳು ಗಂಟೆಗೆ ಗೊರಗುಂಟೆಪಾಳ್ಯದಲ್ಲಿ ಹತ್ತಿಸಿಕೊಳ್ಳುತ್ತೇನೆ.

ರವಿ: ಪಕ್ಕದಲ್ಲೇ ಬಲೆನೋ ಆರ್‌ಎಸ್ ಇದೆಯಾ ಅಂತಲೂ ವಿಚಾರಿಸಿ ಬನ್ನಿ.