34 ಮಕ್ಕಳ ಬ್ರಷ್ಷು ಒಂದೇ ಮಗ್ಗಿನಲ್ಲಿ, ಏನು ಮಾಡಲಿ?

ರಾತ್ರಿಪಾಳಿ ಅಕ್ಕ:
ನಾನು ಒಂದು ಅನಾಥಾಶ್ರಮದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. 34 ಮಕ್ಕಳು, ರಾತ್ರಿ ನಾನೊಬ್ಬಳೇ. ಹೋದ ವಾರ ಹಲ್ಲಿನ ಶಿಬಿರ ಆಯಿತು. ದಿನಕ್ಕೆ ಎಷ್ಟು ಸಲ ಹಲ್ಲುಜ್ಜಬೇಕು ಅಂತ ಡಾಕ್ಟರು ಕೇಳಿದ್ದೇ ತಡ, "ಎರಡು ಸಲಾ" ಅಂತ ಎಲ್ಲವೂ ಒಂದೇ ರಾಗದಲ್ಲಿ ಕೂಗಿದವು. ಬಾಯಿ ತೆರೆಸಿದರೆ ಸಾಲಾಗಿ ಹುಳುಕು. ನನಗೆ ತಲೆ ಎತ್ತಲಾಗಲಿಲ್ಲ.

ಪಾಠ ಬಾಯಿಪಾಠ ಇದೆ. ಆದರೆ ಬ್ರಷ್ಷುಗಳೆಲ್ಲ ನಲ್ಲಿ ಪಕ್ಕದ ನೀಲಿ ಮಗ್ಗಿನಲ್ಲಿ ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತವೆ. ದಾನವಾಗಿ ಬಂದದ್ದು, ಎಲ್ಲ ಒಂದೇ ಬಣ್ಣ. ಬೆಳಗ್ಗೆ ಕೈಗೆ ಸಿಕ್ಕಿದ್ದೇ ಅವರದು. ಪೇಸ್ಟ್ ಹಂಚುವುದು ಒಬ್ಬ ದೊಡ್ಡ ಹುಡುಗ. ಅವನ ಗೆಳೆಯರಿಗೆ ಉದ್ದಗೆರೆ, ಉಳಿದವರಿಗೆ ಚುಕ್ಕೆ. ರಾತ್ರಿ ಉಜ್ಜುವುದಂತೂ ಇಲ್ಲವೇ ಇಲ್ಲ.

ಏಳು ವರ್ಷದ ಹುಡುಗಿಯೊಬ್ಬಳು ಒಂದೇ ಪಕ್ಕದಲ್ಲಿ ಅಗಿಯುತ್ತಾಳೆ. ಕೇಳಿದರೆ "ನೋಯಲ್ಲ ಅಕ್ಕ" ಅಂತಾಳೆ. ಇನ್ನೊಂದು ಪಕ್ಕದ ಕಟ್ಟಕಡೆಯ ಹಲ್ಲು ಕಪ್ಪಾಗಿದೆ. "ಹಾಲುಹಲ್ಲು, ಹೇಗೂ ಬೀಳುತ್ತೆ ಬಿಡಿ" ಅಂತಾರೆ ನಮ್ಮ ಅಡುಗೆಯವರು. ಬಿಡಬಹುದಾ?

ಹಲ್ಲಿನ ಡಾಕ್ಟರ್:
ಬಿಡಬೇಡಿ ಮೇಡಂ. ಕಟ್ಟಕಡೆಯದು ಅಂದಿರಲ್ಲ, ಅದು ಹಾಲುಹಲ್ಲು ಆಗಿರಲಿಕ್ಕಿಲ್ಲ. 6 ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಮನೆಗಳಲ್ಲೂ ಯಾರೂ ಗಮನಿಸುವುದಿಲ್ಲ. ಟಾರ್ಚ್ ಹಿಡಿದು ಮುಂದಿನ ನಡುವಿನಿಂದ ಆ ಪಕ್ಕಕ್ಕೆ ಎಣಿಸಿ. ಒಂದು ಪಕ್ಕಕ್ಕೆ ಹಾಲುಹಲ್ಲು ಐದೇ. ಆರನೆಯದಾದರೆ ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹಾಲುಹಲ್ಲೇ ಆಗಿದ್ದರೂ ತೋರಿಸಿ, ಕೀವು ಕಟ್ಟಿದರೆ ಕೆಳಗಿರುವ ಹೊಸ ಹಲ್ಲಿಗೂ ಪೆಟ್ಟು.

ಒಂದೇ ಹೊತ್ತು ನಿಮ್ಮ ಕೈಗೆ ಸಿಗುವುದಾದರೆ ರಾತ್ರಿಯನ್ನೇ ಹಿಡಿಯಿರಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗೆ ಕಾವಲಿಲ್ಲ. ಪೇಸ್ಟಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಅಥವಾ ಹೆಚ್ಚು ಅಂತ ಇದೆಯಾ ನೋಡಿ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ಉಗುಳಲಿ, ಆದರೆ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸುವುದು ಬೇಡ. 7-8 ವರ್ಷದವರೆಗೆ ಮಕ್ಕಳ ಕೈ ಹಿಂದಿನ ಹಲ್ಲಿಗೆ ಸರಿಯಾಗಿ ಹೋಗುವುದಿಲ್ಲ, ದೊಡ್ಡವರು ಪಕ್ಕದಲ್ಲಿರಬೇಕು.

17ನೇ ನಂಬರ್:
ಅಕ್ಕಾ, ನಾನು ಇಂಥದ್ದೇ ಜಾಗದಲ್ಲಿ ಬೆಳೆದವನು. ಆ "ನೋಯಲ್ಲ" ನನಗೆ ಚೆನ್ನಾಗಿ ಗೊತ್ತು. ನೋವು ಅಂದರೆ ಯಾರಾದರೂ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಬೇಕು, ಅವರ ಮುಖ ಸಣ್ಣಗಾಗುತ್ತೆ. ಅದನ್ನು ನೋಡುವುದಕ್ಕಿಂತ ಇನ್ನೊಂದು ಪಕ್ಕದಲ್ಲಿ ಅಗಿಯುವುದೇ ಸುಲಭ. ಆದ್ದರಿಂದ ನೋವಿದೆಯಾ ಅಂತ ಕೇಳಬೇಡಿ. ಊಟದ ಹೊತ್ತಿಗೆ ಎದುರು ಕೂತು ಕೆನ್ನೆ ನೋಡಿ.

ಬ್ರಷ್ಷಿನ ವಿಷಯ. ಬೇರೆಯವರು ಬಾಯಿಗೆ ಹಾಕ್ತಾರೆ ಅಂತ ನಾನು ಒದ್ದೆ ಬ್ರಷ್ಷನ್ನೇ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಆಮೇಲೆ ಒಬ್ಬ ಆಯಾ ಕಾದ ಸೂಜಿಯಲ್ಲಿ ಹಿಡಿಗೆ 17 ಅಂತ ಬರೆದುಕೊಟ್ಟರು. ಅವತ್ತಿಂದ ದಿಂಬು ಒಣಗಿತು.

ಹಳೇ ವಾರ್ಡನ್:
ಹಲಗೆಗೆ ತೂತು ಕೊರೆಸಿ ದೂರದೂರ ನಿಲ್ಲಿಸಿ, ಗಾಳಿಗೆ ಒಣಗಲಿ. ಎಳೆ ಕೆದರಿದ್ದನ್ನು ಎಸೆಯಿರಿ, ಮೂರು-ನಾಲ್ಕು ತಿಂಗಳಿಗಿಂತ ಹೆಚ್ಚು ಎಳೆಯಬೇಡಿ. ನೋಡಲು ಬರುವವರು ತರುವ ಸಿಹಿಯನ್ನು ದಿನವಿಡೀ ಚೀಪಲು ಕೊಡದೆ ಊಟದ ಜೊತೆ ಒಂದೇ ಸಲ ಹಂಚಿ. ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ.

ರಾತ್ರಿಪಾಳಿ ಅಕ್ಕ:
ಎಣಿಸಿದೆ. ಆರನೆಯದೇ. ಗುರುವಾರ ಕರೆದುಕೊಂಡು ಹೋಗುತ್ತಿದ್ದೇನೆ, ಹುಡುಗಿಗೆ ಇನ್ನೂ ಹೇಳಿಲ್ಲ. ಸೂಜಿಗೆ ಧೈರ್ಯ ಸಾಲದೆ ಹಿಡಿಗಳಿಗೆ ಬಣ್ಣದ ದಾರ ಸುತ್ತಿಸಿದೆ, ಕೆಂಪಿಗಾಗಿ ಇಬ್ಬರು ಹೊಡೆದಾಡಿದರು. ರಾತ್ರಿ ಉಜ್ಜಿಸಲು ಶುರುಮಾಡಿ ಮೂರು ದಿನ. ನಿನ್ನೆ ಎಲ್ಲರಿಗಿಂತ ಚಿಕ್ಕವನು ಬ್ರಷ್ಷು ಬಾಯಲ್ಲಿದ್ದ ಹಾಗೇ ನನ್ನ ಕಾಲಿಗೆ ಒರಗಿ ನಿದ್ದೆಹೋದ. ಉಳಿದದ್ದನ್ನು ನಾನೇ ಉಜ್ಜಿದೆ.