ಇಎಲ್84 ಆಂಪ್ಲಿಫೈಯರ್‌ಗೆ ಎಂಥ ಪವರ್ ಟ್ರಾನ್ಸ್‌ಫಾರ್ಮರ್? ಹಾಸನ, ಚಿಕ್ಕಮಗಳೂರು ಕಡೆಯವರ ಅನುಭವ

ಪ್ರಶ್ನೆ (ಹಾಸನದಿಂದ):
ಮನೆಯಲ್ಲಿಯೇ ಒಂದು ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಪ್ರತಿ ಚಾನೆಲ್‌ಗೆ ಪುಶ್-ಪುಲ್ ಜೋಡಣೆಯಲ್ಲಿ ಎರಡು ಇಎಲ್84 ಔಟ್‌ಪುಟ್ ವಾಲ್ವ್, ಅವುಗಳ ಮುಂದೆ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಂದು ಇಸಿಸಿ83 ವಾಲ್ವ್, ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ಜಾಗದಲ್ಲಿ ಸಿಲಿಕಾನ್ ಡಯೋಡ್‌ಗಳ ಬ್ರಿಜ್ ಇರುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಒಂದು ಮಾತ್ರ ಬಾಕಿ ಉಳಿದಿದೆ. ಹಳೆಯ ವಾಲ್ವ್ ರೇಡಿಯೋದಿಂದ ಬಿಚ್ಚಿದ್ದೊಂದು ನನ್ನಲ್ಲಿದೆ. ಅಮೆರಿಕದಲ್ಲಿರುವ ಸಂಬಂಧಿಕರು ಅಲ್ಲಿಂದ ಒಂದನ್ನು ತರಲು ಸಿದ್ಧರಿದ್ದಾರೆ. ಇಲ್ಲಿಯೇ ಸುತ್ತಿಸುವ ದಾರಿಯೂ ಇದೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಚಿಕ್ಕಮಗಳೂರಿನಿಂದ):
ಲೆಕ್ಕವನ್ನು ಹೀಟರ್‌ನಿಂದ (ವಾಲ್ವ್‌ನ ಒಳಗಿನ ಕಾವಿನ ತಂತಿಯಿಂದ) ಆರಂಭಿಸಿರಿ, ಏಕೆಂದರೆ ಅಲ್ಲಿ ಊಹೆಗೆ ಜಾಗವೇ ಇಲ್ಲ. ಒಂದು ಇಎಲ್84ಗೆ 6.3 ವೋಲ್ಟ್‌ನಲ್ಲಿ 0.76 ಆಂಪಿಯರ್ ಬೇಕು, ಇಸಿಸಿ83ಗೆ 0.3 ಆಂಪಿಯರ್, ನಾಲ್ಕು ಮತ್ತು ಎರಡು ಸೇರಿದರೆ 3.64 ಆಂಪಿಯರ್ ಆಗುತ್ತದೆ. 5 ಆಂಪಿಯರ್‌ನ ವೈಂಡಿಂಗ್ ಹೇಳಿದರೆ ಅದು ನೆಮ್ಮದಿಯಾಗಿ ಕೆಲಸ ಮಾಡುತ್ತದೆ.

ಎಚ್.ಟಿ. (ವಾಲ್ವ್‌ಗಳಿಗೆ ಕೊಡುವ ಹೆಚ್ಚಿನ ವೋಲ್ಟೇಜ್) ಕಡೆಯಲ್ಲಿ ಹೆಚ್ಚಿನವರು ಎಡವುವುದು ಕರೆಂಟಿನ ವಿಷಯದಲ್ಲಿ. ಪ್ರತಿ ಇಎಲ್84 ಸ್ಕ್ರೀನ್ ಕರೆಂಟೂ ಸೇರಿ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಇಸಿಸಿ83ಗಳ ಅಲ್ಪ ಪಾಲನ್ನೂ ಕೂಡಿ ಒಟ್ಟು 170 ಮಿಲಿಆಂಪಿಯರ್ ಡಿ.ಸಿ. ಆಗುತ್ತದೆ. ಆದರೆ ಬ್ರಿಜ್‌ನ ಮುಂದೆ ನೇರವಾಗಿ ಕೆಪಾಸಿಟರ್ ಇರುವಲ್ಲಿ ವೈಂಡಿಂಗ್‌ನಿಂದ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಅರ್ಧ ಆವರ್ತದ ತುದಿಯಲ್ಲಿ ಕೆಲವೇ ಕ್ಷಣ ರಭಸದಿಂದ ಹರಿಯುತ್ತದೆ. ಆದ್ದರಿಂದ ತಂತಿಗೆ ಆಗುವ ಕಾವು ಡಿ.ಸಿ. ಅಂಕಿ ಸೂಚಿಸುವುದಕ್ಕಿಂತ ಬಹಳ ಹೆಚ್ಚು. ವೈಂಡಿಂಗ್‌ನ ಎ.ಸಿ. ಸಾಮರ್ಥ್ಯವನ್ನು ಡಿ.ಸಿ.ಯ ಸುಮಾರು 1.7 ಪಟ್ಟು, ಅಂದರೆ 300 ಮಿಲಿಆಂಪಿಯರ್ ಎಂದು ಬರೆಸಿರಿ. ನಿಮ್ಮ ರೇಡಿಯೋ ಟ್ರಾನ್ಸ್‌ಫಾರ್ಮರ್ ಒಂದೇ ಔಟ್‌ಪುಟ್ ವಾಲ್ವ್‌ನ ಸೆಟ್ಟಿಗೆಂದು ಮಾಡಿದ್ದಾಗಿದ್ದರೆ ಅದರಿಂದ ಇಷ್ಟು ಹೊರೆ ಹೊರಿಸುವುದು ಸಲ್ಲ. ಒಂದು ವಾಲ್ವ್‌ನ ಪುಟ್ಟ ಆಂಪ್ಲಿಫೈಯರ್ ಕಟ್ಟುವ ದಿನಕ್ಕೆ ಅದನ್ನು ಎತ್ತಿಡಿರಿ.

ವೋಲ್ಟೇಜಿಗೆ ಬಂದರೆ, ಇಎಲ್84ರ ಆನೋಡ್‌ಗೆ 300 ವೋಲ್ಟ್ ಮಿತಿ. 230 ವೋಲ್ಟ್‌ನ ಸೆಕೆಂಡರಿಯ (ಹೊರಕೊಡುವ ವೈಂಡಿಂಗ್‌ನ) ಶಿಖರ 325 ವೋಲ್ಟ್ ಇರುತ್ತದೆ. ಹೊರೆ ಬಿದ್ದಾಗ 300ರ ಆಸುಪಾಸಿಗೆ ಇಳಿಯುತ್ತದೆ. ಹಲವು ನಕ್ಷೆಗಳಲ್ಲಿ ಕಾಣುವ 250 ವೋಲ್ಟ್ ವಾಲ್ವ್ ರೆಕ್ಟಿಫೈಯರ್‌ನಲ್ಲಿ ಆಗುವ ಇಳಿತವನ್ನು ಗಮನದಲ್ಲಿಟ್ಟು ಹೇಳಿದ್ದು. ಡಯೋಡ್ ಹಾಕಿದವರು ಅದನ್ನು ಹಾಗೆಯೇ ನಕಲು ಮಾಡಬಾರದು. ಎಲ್ಲವನ್ನೂ ಕೂಡಿಸಿದರೆ 95 ವಿ.ಎ. (ವೋಲ್ಟ್-ಆಂಪಿಯರ್) ಹತ್ತಿರ ಬರುತ್ತದೆ, 150 ವಿ.ಎ. ಕೋರ್ ತೆಗೆದುಕೊಳ್ಳಿ.

ಅಮೆರಿಕದ್ದರ ಮೇಲೆ 50/60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದಿಲ್ಲವಾದರೆ ತರಿಸಬೇಡಿ. 120 ವೋಲ್ಟ್‌ಗೆ ಇಳಿಸುವ ಇನ್ನೊಂದು ಟ್ರಾನ್ಸ್‌ಫಾರ್ಮರ್ ಇಟ್ಟರೂ ಆವರ್ತನ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಕೋರ್‌ನಲ್ಲಿ ನಮ್ಮ 50 ಹರ್ಟ್ಸ್ ಶೇ 20ರಷ್ಟು ಹೆಚ್ಚು ಫ್ಲಕ್ಸ್ ಉಂಟುಮಾಡುತ್ತದೆ, ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಫ್ಲಕ್ಸ್ ಹಿಡಿಯಲಾರದೆ) ಕಾಯುತ್ತದೆ.

ಉತ್ತರ (ಸಕಲೇಶಪುರದಿಂದ):
ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದೆಲ್ಲ ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್ ಇದ್ದರೆ ಮಾತ್ರ. ನಮ್ಮ ತೋಟದ ಮನೆಯಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಅದು ಕುಸಿಯುತ್ತದೆ, ಊರು ಮಲಗಿದ ಮೇಲೆ 245 ದಾಟುವುದೂ ಉಂಟು. 220 ವೋಲ್ಟ್ ಪ್ರೈಮರಿಗೆ (ಲೈನಿಗೆ ಜೋಡಿಸುವ ವೈಂಡಿಂಗ್‌ಗೆ) 245 ಕೊಟ್ಟರೆ 6.3 ಎಂಬುದು 7 ವೋಲ್ಟ್ ಆಗುತ್ತದೆ. ಹೀಟರ್‌ಗೆ ಶೇ 10ರ ಏರಿಳಿತದ ಮಿತಿಯೆಂದರೆ 6.9. ಸಂಗೀತ ಕೇಳುವುದು ಸಾಮಾನ್ಯವಾಗಿ ರಾತ್ರಿಯೇ ಆದ್ದರಿಂದ ಮೊದಲು ಒಂದು ವಾರ ಆ ಹೊತ್ತಿನ ವೋಲ್ಟೇಜ್ ಅಳೆದು ಬರೆದಿಡಿ, ಆಮೇಲೆ 220, 230, 240 ಎಂಬ ಮೂರು ಟ್ಯಾಪ್‌ಗಳಿರುವ (ನಡುವೆ ಹೊರತೆಗೆದ ತಂತಿಗಳಿರುವ) ಪ್ರೈಮರಿ ಸುತ್ತಿಸಿ. ಟ್ಯಾಪ್‌ಗೆ ತಗಲುವ ಹೆಚ್ಚುವರಿ ಖರ್ಚು ಅತ್ಯಲ್ಪ.

ಇನ್ವರ್ಟರ್ ಇದ್ದರೆ ಅದು ಯಾವ ಬಗೆಯದೆಂದು ನೋಡಿಕೊಳ್ಳಿ. ಚೌಕ ಅಲೆಯ ಇನ್ವರ್ಟರ್‌ನಲ್ಲಿ ಶಿಖರವೂ ಸರಾಸರಿಯೂ ಒಂದೇ ಮಟ್ಟದಲ್ಲಿರುವುದರಿಂದ ಹೀಟರ್ ಎಂದಿನಂತೆ ಉರಿಯುತ್ತದೆ, ಎಚ್.ಟಿ. ಮಾತ್ರ ಮುನ್ನೂರರಿಂದ ಇನ್ನೂರರ ಕಡೆಗೆ ಜಾರುತ್ತದೆ. ಮೇಲಾಗಿ ಕೋರ್ ಗೊರಗೊರ ಎನ್ನುತ್ತದೆ. ಕರೆಂಟು ಹೋದಾಗ ಆಂಪ್ಲಿಫೈಯರನ್ನು ಆರಿಸಿಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ: ವಾರ್ನಿಷ್‌ನಲ್ಲಿ ಮುಳುಗಿಸಿ, ಕಾಯಿಸಿ ಒಣಗಿಸದ ಟ್ರಾನ್ಸ್‌ಫಾರ್ಮರ್ ತೇವ ಹೀರುತ್ತದೆ. ಮೇಲ್ಮೈಗೆ ಬ್ರಷ್‌ನಿಂದ ಬಳಿದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಇಲ್ಲಿಯೇ ಸುತ್ತಿಸುತ್ತೇನೆ. ಸ್ಟೆಬಿಲೈಸರ್ ಮತ್ತು ಮೋಟಾರ್ ಸುತ್ತುವವರಿಗೆ ಏನೆಂದು ಹೇಳಬೇಕು? ಟೊರಾಯ್ಡ್ (ಬಳೆಯಾಕಾರದ ಕೋರ್‌ನದು) ಕೇಳಲೇ?

ಉತ್ತರ (ಹಾಸನದಿಂದ):
ಟೊರಾಯ್ಡ್‌ನ ಸೋರಿಕೆ ಫ್ಲಕ್ಸ್ ಕಡಿಮೆ ಎಂಬುದು ನಿಜ. ಆದರೆ ಅದನ್ನು ಕೈಯಲ್ಲಿ ಸುತ್ತುವುದು ಕಷ್ಟ, ಸ್ವಿಚ್ ಹಾಕಿದಾಗ ಎಳೆಯುವ ಕರೆಂಟು ಹೆಚ್ಚು, ಲೈನಿನಲ್ಲಿ ಸ್ವಲ್ಪ ಡಿ.ಸಿ. ಸೇರಿದರೂ ಅದು ಗುಂಯ್‌ಗುಡುತ್ತದೆ. ಇ-ಐ ಸ್ಟ್ಯಾಂಪಿಂಗ್‌ನದನ್ನೇ (E ಮತ್ತು I ಆಕಾರದ ತಗಡುಗಳನ್ನು ಜೋಡಿಸಿದ ಕೋರ್‌ನದನ್ನೇ) ಹೇಳಿ.

ಸ್ಟೆಬಿಲೈಸರ್‌ನಲ್ಲಿರುವುದು ಆಟೋ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಒಳಬರುವ ಲೈನಿಗೂ ಹೊರಗಿನದಕ್ಕೂ ನೇರ ಸಂಪರ್ಕವಿರುತ್ತದೆ. ನಿಮ್ಮದರಲ್ಲಿ ಪ್ರೈಮರಿ ಸೆಕೆಂಡರಿಗಳಿಂದ ಪೂರ್ತಿ ಪ್ರತ್ಯೇಕವಾಗಿರಬೇಕು, ಅವುಗಳ ನಡುವೆ ಚೆನ್ನಾದ ಇನ್ಸುಲೇಷನ್ ಇರಬೇಕು, ಅದರ ಮೇಲೆ ತುದಿಗಳು ಪರಸ್ಪರ ತಾಗದ ಹಾಗೆ ಒಂದು ಸುತ್ತು ತಾಮ್ರದ ತಗಡು ಹಾಕಿ ಅರ್ತ್ ತಂತಿ ಹೊರತೆಗೆಯಬೇಕು ಎಂಬುದನ್ನು ಬರೆದೇ ಕೊಡಿ, ಬಾಯಿಮಾತಿಗೆ ಬಿಡಬೇಡಿ. ಎರಡನೆಯದಾಗಿ, ತಾಮ್ರ ಉಳಿಸಲು ಸುತ್ತುಗಳನ್ನು ಕಡಿಮೆ ಮಾಡುವ ರೂಢಿ ಉಂಟು, ಆಗ ಫ್ಲಕ್ಸ್ ಹೆಚ್ಚಿ ಕೋರ್ ಸದ್ದು ಮಾಡುತ್ತದೆ. 50 ಹರ್ಟ್ಸ್‌ನಲ್ಲಿ ಕೋರ್ ಅನ್ನು 1 ಟೆಸ್ಲಾದಲ್ಲಿ ಓಡಿಸಬೇಕಾದರೆ 45ನ್ನು ಕೋರ್‌ನ ನಡುಗಾಲಿನ ವಿಸ್ತೀರ್ಣದಿಂದ, ಚದರ ಸೆಂಟಿಮೀಟರ್‌ನಲ್ಲಿ, ಭಾಗಿಸಿದರೆ ಪ್ರತಿ ವೋಲ್ಟ್‌ಗೆ ಬೇಕಾದ ಸುತ್ತು ಸಿಗುತ್ತದೆ. 13.5 ಚದರ ಸೆಂಟಿಮೀಟರ್‌ಗೆ ಅದು 3.33, 240 ವೋಲ್ಟ್‌ಗೆ 800 ಸುತ್ತು. ನೀರೆತ್ತುವ ಮೋಟಾರಿಗೆ ಸದ್ದಾದರೆ ಯಾರೂ ಕೇಳುವುದಿಲ್ಲ, ಆಂಪ್ಲಿಫೈಯರ್‌ಗೆ ಹಾಗಲ್ಲ.

ಮನೆಗೆ ತಂದ ಮೇಲೆ ಮೊದಲ ಸಲ 60 ವಾಟ್‌ನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ, ಸೆಕೆಂಡರಿಗಳನ್ನು ಬರಿದಾಗಿ ಬಿಟ್ಟು ಆನ್ ಮಾಡಿರಿ. ಬಲ್ಬು ಸ್ಪಷ್ಟವಾಗಿ ಉರಿದರೆ ಒಳಗೆ ಸುತ್ತುಗಳು ಶಾರ್ಟ್ ಆಗಿವೆ ಅಥವಾ ಕೋರ್ ಸಾಲದು, ಹಿಂದಿರುಗಿಸಿ. ಷಾಸಿಗೆ ಕೊರೆಯುವ ಮೊದಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಗೆ ಹೆಡ್‌ಫೋನ್ ಜೋಡಿಸಿ, ಅದಕ್ಕೆ ಬೇರಾವ ಸಂಪರ್ಕವನ್ನೂ ಕೊಡದೆ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟು ಕೊಟ್ಟು, ಔಟ್‌ಪುಟ್‌ನದನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಹಮ್ ಅತಿ ಕಡಿಮೆ ಕೇಳಿಸುವ ಕೋನದಲ್ಲಿ ಪೆನ್ಸಿಲ್ ಗುರುತು ಹಾಕಿ, ಬೋಲ್ಟಿನ ರಂಧ್ರಗಳನ್ನು ಅಲ್ಲಿಯೇ ಕೊರೆಯಿರಿ.