ಕರೋಕೆಗೆ ಸುಲಭವಾದ ಅನಿಮೆ ಹಾಡು ಯಾವುದು? (ಪುಣೆ, ಐದು ಜನ, ಜಪಾನಿ ಬರುವುದಿಲ್ಲ)

ಬಾಣೇರ್ ಬಳಗ:
ನಮಸ್ಕಾರ. ಮುಂದಿನ ತಿಂಗಳು ಬಾಣೇರ್‌ನಲ್ಲಿ ಕರೋಕೆ ಸಂಜೆ ಇದೆ. ನಾವು ಐದು ಜನ, ಮೂವರು ಗಂಡಸರು, ಇಬ್ಬರು ಹೆಂಗಸರು. ಕನ್ನಡ, ಹಿಂದಿ ಹಾಡಿ ರೂಢಿ ಇದೆ. ಸಂಗೀತ ಕಲಿತವರು ಒಬ್ಬರೇ. ಜಪಾನಿ ಲಿಪಿ ಯಾರಿಗೂ ಓದಲು ಬರುವುದಿಲ್ಲ. ಸದ್ಯ ನಮ್ಮ ಅನಿಮೆ (ಜಪಾನಿ ಕಾರ್ಟೂನ್) ಹಾಡುಗಳ ಪಟ್ಟಿಯಲ್ಲಿರುವುದು ಗುರೆಂಗೆ, ಅನ್‌ರಾವೆಲ್, ಬ್ಲೂ ಬರ್ಡ್, ಐಡಲ್. ಇವುಗಳಲ್ಲಿ ಯಾವುದು ಆಗುತ್ತೆ, ಯಾವುದು ಬೇಡ? ಇನ್ನೂ ಸುಲಭವಾದದ್ದು ಇದೆಯೇ? ನಮ್ಮ ದನಿಗೆ ಕೀ (ಹಾಡಿನ ಶ್ರುತಿ) ಹೇಗೆ ಗೊತ್ತುಮಾಡಿಕೊಳ್ಳುವುದು?

ಶ್ರುತಿಪೆಟ್ಟಿಗೆ, ಡೊಂಬಿವಲಿ:
ನಾಲ್ಕರಲ್ಲಿ ಮೂರನ್ನು ಈ ಸಲಕ್ಕೆ ಬಿಟ್ಟುಬಿಡಿ. ಐಡಲ್ (ಯೊಆಸೊಬಿ, 2023) ಕೇಳುವುದಕ್ಕೆ ಸಲೀಸು, ಆದರೆ ನಡುವೆ ರ‍್ಯಾಪ್ ಇದೆ, ಶ್ರುತಿ ಬದಲಾಗುತ್ತೆ, ಉಸಿರಿಗೆ ಜಾಗವೇ ಇಲ್ಲ. ಅನ್‌ರಾವೆಲ್ (2014) ಮೆಲ್ಲಗೆ ಶುರುವಾಗಿ ಫಾಲ್ಸೆಟ್ಟೊಗೆ, ಅಂದರೆ ಕಳ್ಳದನಿಗೆ, ಹಾರುತ್ತೆ. ಕಳ್ಳದನಿ ಪಳಗದವರಿಗೆ ಅಲ್ಲಿ ಸ್ವರ ಒಡೆಯುವುದು ಖಂಡಿತ. ಗುರೆಂಗೆಯ (ಲಿಸಾ, 2019) ಪಲ್ಲವಿ ಎತ್ತರದಲ್ಲೇ ಓಡಾಡುತ್ತೆ, ಎರಡನೇ ಸುತ್ತಿಗೆ ಗಂಟಲು ಕಟ್ಟುತ್ತೆ.

ಹಾಡಿನ ವೇಗ ನೋಡಿ ಸುಲಭ, ಕಷ್ಟ ಅಂತ ತೀರ್ಮಾನಿಸಬೇಡಿ. ನೋಡಬೇಕಾದದ್ದು ಒಂದು ಸಾಲಿಗೆ ಎಷ್ಟು ಅಕ್ಷರ, ಉಸಿರು ಎಲ್ಲಿ ಸಿಗುತ್ತೆ, ಅತಿ ಎತ್ತರದ ಸ್ವರ ಎಷ್ಟು ಸಲ ಬರುತ್ತೆ ಅನ್ನುವುದನ್ನು. ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಸ್ಪಿರಿಟೆಡ್ ಅವೇ ಚಿತ್ರದ (2001) ಕೊನೆಯ ಹಾಡು, 'ಇತ್ಸುಮೊ ನಾಂದೊ ದೆಮೊ'. ಮೂರರ ನಡೆ, ಹರವು ಒಂದು ಸ್ಥಾಯಿಗಿಂತ ತುಸು ಹೆಚ್ಚು, ನಡುವೆ ಬರೀ ಲಲಲ ಎಂದು ಹಾಡುವ ಭಾಗವೂ ಇದೆ, ಅಲ್ಲಿ ಸಾಹಿತ್ಯದ ಚಿಂತೆಯೇ ಇಲ್ಲ. ತೊಡಕು ಒಂದೇ. ಹಿನ್ನೆಲೆಯಲ್ಲಿ ಲೈರ್ ವಾದ್ಯ ಬಿಟ್ಟರೆ ಹೆಚ್ಚೇನಿಲ್ಲ, ಹಾಗಾಗಿ ಅಪಸ್ವರವನ್ನು ಮುಚ್ಚುವವರು ಯಾರೂ ಇಲ್ಲ. ಸಂಗೀತ ಕಲಿತವರಿಗೇ ಇದನ್ನು ಕೊಡಿ.

ತಗ್ಗು ದನಿಯ ಗಂಡಸರಿಗೆ ಲಪುಟಾ ಚಿತ್ರದ (1986) 'ಕಿಮಿ ಒ ನೊಸೆತೆ' ಚೆನ್ನಾಗಿ ಕೂರುತ್ತೆ. ಹೆಂಗಸರಿಗೆ 'ಸೀಕ್ರೆಟ್ ಬೇಸ್'. 2001ರಲ್ಲಿ ಜೋನ್ ತಂಡ ಹಾಡಿದ್ದು, 2011ರಲ್ಲಿ ಅನೊಹಾನಾ ಸರಣಿಗೆ ಮೂವರು ಹಾಡಿದರು, ಆದ್ದರಿಂದ ಸಾಲು ಹಂಚಿಕೊಂಡರೂ ಸಹಜವಾಗಿರುತ್ತೆ. ಐವರೂ ಸೇರಿ ಹಾಡಲು ಒನ್ ಪೀಸ್‌ನ 'ವಿ ಆರ್!' (1999) ಇಡಿ. ಎತ್ತರದ ಜಾಗಗಳನ್ನು ಗುಂಪೇ ಎತ್ತಿಕೊಂಡುಬಿಡುತ್ತೆ. ಹಾಡಲು ಸಂಕೋಚಪಡುವವರು ಇದ್ದರೆ 1979ರ 'ದೊರಾಎಮೊನ್ ನೊ ಉತಾ' ತಗೊಳ್ಳಿ, ಅದರಲ್ಲಿ ದೊರಾಎಮೊನ್ ಮಾತಾಡುವ ತುಣುಕುಗಳಿವೆ. ಒಬ್ಬರು ಹಾಡಲಿ, ಸಂಕೋಚದವರು ಆ ಮಾತು ಹೇಳಲಿ.

ಇನ್ನು ಕೀ. ಮೊಬೈಲ್‌ನಲ್ಲಿ ಪಿಯಾನೊ ಆಪ್ ತೆಗೆದು, ಗಂಟಲು ಬಿಗಿಯದೆ ಹಿಡಿದು ನಿಲ್ಲಿಸಬಲ್ಲ ಅತಿ ಎತ್ತರದ ಸ್ವರ ಗುರುತಿಸಿ. ಹಾಡಿನ ತುದಿಯ ಸ್ವರ ಅದಕ್ಕಿಂತ ಒಂದು ಸೆಮಿಟೋನ್ (ಪಿಯಾನೊದಲ್ಲಿ ಕಪ್ಪು ಮನೆಯೂ ಸೇರಿ ಪಕ್ಕದ ಒಂದು ಮನೆ) ಕೆಳಗೆ ಬೀಳುವಂತೆ ಕೀ ಇಳಿಸಿ. −1 ಅಂದರೆ ಒಂದು ಸೆಮಿಟೋನ್ ಇಳಿಕೆ, ಶ್ರುತಿಯನ್ನು ಒಂದೂವರೆ ಮನೆಯಿಂದ ಒಂದಕ್ಕೆ ತಂದಷ್ಟು. ಗಂಡಸರು ಹೆಣ್ಣುದನಿಯ ಹಾಡನ್ನು ಒಂದು ಸ್ಥಾಯಿ ಕೆಳಗೆ ಹಾಡಿದಾಗ ಪಲ್ಲವಿ ಸರಿಹೋಗುತ್ತೆ, ಚರಣ ಮಾತ್ರ ಮಂದ್ರದಲ್ಲಿ ಮುಳುಗಿ ಮೈಕಿಗೆ ಸಿಗುವುದಿಲ್ಲ. ಆಗ +2 ಅಥವಾ +3 ಮಾಡಿ. ನಾಲ್ಕೈದಕ್ಕಿಂತ ಆಚೆ ಹೋದರೆ ಟ್ರ್ಯಾಕೇ ಕೆಡುತ್ತೆ, ಡ್ರಮ್ಮಿನ ಸದ್ದು ತಗಡು ಬಡಿದಂತಾಗುತ್ತೆ.

ಕೋಥ್ರೂಡ್ ಅಕ್ಕ:
ಸೀಕ್ರೆಟ್ ಬೇಸ್ ಬಗ್ಗೆ ನಂದು ಬ್ಯಾರೆ ಅಭಿಪ್ರಾಯ ಐತ್ರಿ. ಪಲ್ಲವಿ ಆರಾಮ, ಖರೇ, ಆದ್ರ ಚರಣದಾಗ ಅಕ್ಷರ ಒತ್ತೊತ್ತಾಗಿ ಬರ್ತಾವ, ಭಾಷಾ ಬರದವ್ರ ನಾಲಿಗಿ ಅಲ್ಲೇ ತೊಡರ್ತದ. ಅದರ ಬದಲಿ ಸೇಲರ್ ಮೂನ್‌ನ 'ಮೂನ್‌ಲೈಟ್ ದೆನ್‌ಸೆತ್ಸು' (1992) ಹಾಡ್ರಿ. ಧಾಟಿ ಮತ್ತ ಮತ್ತ ಅದೇ ಬರ್ತದ, ಒಂದು ಸುತ್ತು ಕಲಿತ್ರ ಮುಕ್ಕಾಲು ಹಾಡು ಬಂದಂಗ.

ಸಾಹಿತ್ಯ ಇಂಗ್ಲಿಷ್ ಅಕ್ಷರದಾಗ ಓದಿ ಹಾಡಬ್ಯಾಡ್ರಿ, ಕನ್ನಡದಾಗ ಬರಕೋರಿ. ಜಪಾನಿಯೊಳಗ ಎ-ಏ, ಒ-ಓ ಎರಡೂ ಬ್ಯಾರೆ ಬ್ಯಾರೆ. ತೊರಿ ಅಂದ್ರ ಹಕ್ಕಿ, ತೋರಿ ಅಂದ್ರ ಬೀದಿ. ನಮ್ಮ ಲಿಪಿಯೊಳಗ ಈ ಹ್ರಸ್ವ-ದೀರ್ಘ ಸರಳ ಬರೀಬಹುದು. ಮರಾಠಿ ಗೆಳ್ಯಾರು ದೇವನಾಗರಿಯೊಳಗ ಬರದು ಕೊಟ್ಟ ಹಾಳಿ ನೆಚ್ಚಿದ್ರ ಈ ಎ-ಏ, ಒ-ಓ ವ್ಯತ್ಯಾಸ ಕಳದುಹೋಗ್ತದ.

ಆಮ್ಯಾಲ ಸಾಲಿನ ಮಾತ್ರೆ ಎಣಸ್ರಿ, ಶಾಲ್ಯಾಗ ಪ್ರಸ್ತಾರ ಹಾಕಿದಂಗ. ತೆನ್‌ಶಿ ಅಂದ್ರ ಗುರು, ಲಘು, 3 ಮಾತ್ರೆ. ಜಪಾನಿಯೊಳಗೂ ತೆ, ನ್, ಶಿ, 3. ಆ 'ನ್'ಗ ಎಷ್ಟೋ ಹಾಡಿನ್ಯಾಗ ಒಂದು ಸ್ವತಂತ್ರ ಸ್ವರಾನೇ ಕೊಟ್ಟಿರ್ತಾರ. ಅದನ್ನ ನುಂಗಿದ್ರ ನೀವು ಅಷ್ಟು ಮುಂದ ಓಡಿಬಿಡ್ತೀರಿ. ಕಿತ್ತೆ ಅನ್ನುವಂಥ ಒತ್ತಕ್ಷರಕ್ಕೂ 3, ಅಲ್ಲಿ ಒಂದು ಮಾತ್ರೆ ದನಿ ತಡದು ನಿಲ್ಲಬೇಕು. ಆದ್ರ ಒಂದು ಕಡೆ ನಮ್ಮ ಲೆಕ್ಕ ತಪ್ತದ. ತ್ಸು, ಕ್ಯೊ, ರ್ಯು ನಮ್ಮ ಕಣ್ಣಿಗೆ ಒತ್ತಕ್ಷರ, ಅವರಿಗೆ ಒಂದೇ ಅಕ್ಷರ. ಇತ್ಸುಮೊ ನಾವು ಎಣಿಸಿದ್ರ 4, ಅವರಿಗೆ 3. ಅದಕ್ಕ ಇವುಗಳ ಹಿಂದಿನ ಅಕ್ಷರ ಎಳಿಬ್ಯಾಡ್ರಿ.

ಕಲಿಯೂಮುಂದ ಮೊದಲ ಧಾಟಿ ಬಿಟ್ಟು ತಾಳಕ್ಕ ಮಾತಷ್ಟ ಹೇಳ್ರಿ. ಆಮ್ಯಾಲ ಮಾತು ಬಿಟ್ಟು ಲ ಲ ಅಂತ ಧಾಟಿ. ಎರಡೂ ಕುಂತ ಮ್ಯಾಲ ಕೂಡಸ್ರಿ. ಯೂಟ್ಯೂಬಿನ್ಯಾಗ ವೇಗ 0.75 ಇಟ್ರ ಶ್ರುತಿ ಬದಲಾಗೂದಿಲ್ಲ, ಅದರಿಂದ ಶುರು ಮಾಡ್ರಿ. ಉಸಿರು ತಗೊಳ್ಳೂ ಕಡೆ ಹಾಳಿ ಮ್ಯಾಲ ಒಂದು ಓರೆ ಗೆರಿ ಎಳಕೋರಿ.

ಠಾಣೆ ಕೆಜೆ:
ಜಪಾನಿನಲ್ಲಿರುವ ಡ್ಯಾಮ್, ಜಾಯ್‌ಸೌಂಡ್ ಯಂತ್ರಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ಇರುವುದು ಕೆಜೆಯ (ಕರೋಕೆ ನಡೆಸುವವರ) ಲ್ಯಾಪ್‌ಟಾಪ್ ಮತ್ತು ಯೂಟ್ಯೂಬ್. ಆದ್ದರಿಂದ ಟ್ರ್ಯಾಕನ್ನು ನೀವೇ ಆರಿಸಿ, ಲಿಂಕ್ ಮತ್ತು ಕೀ ಸಂಖ್ಯೆಯನ್ನು ಹಿಂದಿನ ದಿನವೇ ಕೆಜೆಗೆ ವಾಟ್ಸ್ಆಪ್ ಮಾಡಿ. ಮೈಕ್ ಹಿಡಿದ ಮೇಲೆ ಹುಡುಕಿದರೆ ಜಪಾನಿ ಅಕ್ಷರ ಮಾತ್ರ ಓಡುವ ವಿಡಿಯೋ ಸಿಗುತ್ತೆ, ಅಥವಾ ಯಾರೋ ಆಗಲೇ ಕೀ ಬದಲಿಸಿಟ್ಟ ಟ್ರ್ಯಾಕ್. ಹುಡುಕುವಾಗ ಹಾಡಿನ ಹೆಸರಿನ ಜೊತೆ 'ಆಫ್ ವೋಕಲ್' (ಗಾಯನವಿಲ್ಲದ್ದು) ಅಥವಾ 'ಕರೋಕೆ ರೋಮಾಜಿ' (ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿರುವುದು) ಸೇರಿಸಿ. ಹೊಸಬರಿಗೆ ಗೈಡ್ ಮೆಲೊಡಿ ಇರುವ ಟ್ರ್ಯಾಕ್ ಒಳ್ಳೆಯದು, ಧಾಟಿ ಹಿಂದೆ ಸಣ್ಣಗೆ ಕೇಳುತ್ತಿರುತ್ತೆ.

ಪೂರ್ತಿ ಹಾಡು ನಾಲ್ಕೈದು ನಿಮಿಷ, 'ಟಿವಿ ಸೈಜ್' ಸುಮಾರು 90 ಸೆಕೆಂಡ್. ಮೊದಲ ಸಲಕ್ಕೆ ಟಿವಿ ಸೈಜ್ ಸಾಕು. ಟಿವಿಯಲ್ಲಿ ಕೇಳಿ ಕಲಿತವರು ಪೂರ್ತಿ ಟ್ರ್ಯಾಕ್ ಹಾಕಿಸಿಕೊಂಡರೆ ಎರಡನೇ ಚರಣ ಬಂದಾಗ ಸಾಹಿತ್ಯ ಗೊತ್ತಿಲ್ಲದೆ ನಿಲ್ಲುತ್ತಾರೆ.

ಮೈಕ್ ತುಟಿಯಿಂದ ಎರಡು ಬೆರಳು ದೂರವಿರಲಿ. ಮೇಲಿನ ಜಾಲರಿಯನ್ನು ಕೈಯಲ್ಲಿ ಮುಚ್ಚಿದರೂ, ಸ್ಪೀಕರ್ ಕಡೆ ತಿರುಗಿಸಿದರೂ ಸೀಟಿ ಹೊಡೆಯುತ್ತೆ. ಎಕೊ ಕಡಿಮೆ ಕೇಳಿ. ಹಳೆಯ ಹಿಂದಿ ಹಾಡಿಗೆ ಇಡುವಷ್ಟು ಎಕೊ ಇಟ್ಟರೆ ಜಪಾನಿಯ ಚಿಕ್ಕ ಚಿಕ್ಕ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಬಾಣೇರ್ ಬಳಗ:
ತುಂಬ ಉಪಕಾರವಾಯಿತು. ಎರಡು ಸಂದೇಹ. ಬ್ಲೂ ಬರ್ಡ್ ಅನ್ನು ಇಬ್ಬರು ಹೆಂಗಸರು ಹಂಚಿಕೊಂಡರೆ ಆಗುತ್ತದೆಯೇ? ಮತ್ತೆ, ಮನೆಯಲ್ಲಿ ಬ್ಲೂಟೂತ್ ಸ್ಪೀಕರಿಗೆ ಮೈಕ್ ಜೋಡಿಸಿ ಹಾಡಿದರೆ ದನಿ ತಾಳಕ್ಕಿಂತ ಹಿಂದೆ ಬೀಳುತ್ತಿದೆ. ತಪ್ಪು ನಮ್ಮದೋ?

ಠಾಣೆ ಕೆಜೆ:
ನಿಮ್ಮದಲ್ಲ. ಮೈಕಿನ ದನಿಯೂ ಫೋನಿನ ಮೂಲಕ ಬ್ಲೂಟೂತ್‌ನಲ್ಲೇ ಹೋಗುತ್ತಿದ್ದರೆ ತಡವಾಗಿ ಹೊರಬರುತ್ತೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಹಾಡುವವರು ತಮ್ಮ ದನಿಗಾಗಿ ಕಾಯುತ್ತಾ ನಿಧಾನವಾಗುತ್ತಾರೆ. ಫೋನಿನಿಂದ ಸ್ಪೀಕರಿಗೆ ಆಕ್ಸ್ ವೈರ್ ಹಾಕಿ, ಮೈಕನ್ನು ನೇರವಾಗಿ ಸ್ಪೀಕರಿಗೇ ಚುಚ್ಚಿ. ಸೊಸೈಟಿಯಲ್ಲಿ ರಾತ್ರಿ 10ರೊಳಗೆ ಮುಗಿಸಿ.

ಶ್ರುತಿಪೆಟ್ಟಿಗೆ, ಡೊಂಬಿವಲಿ:
ಬ್ಲೂ ಬರ್ಡ್ (ಇಕಿಮೊನೊಗಾಕಾರಿ, 2008) ಇಬ್ಬರಿಗೆ ಆಗುತ್ತೆ, ಸಾಲು ಬಿಟ್ಟು ಸಾಲು ಹಂಚಿಕೊಳ್ಳಿ, ಉಸಿರಿನ ಕಷ್ಟ ಅರ್ಧ ಕಡಿಮೆಯಾಗುತ್ತೆ. −2ರಿಂದ ನೋಡಿ. ತೊಂದರೆ ಶುರುವಿನಲ್ಲೇ ಇದೆ. ವಾದ್ಯದ ಪೀಠಿಕೆ ಇಲ್ಲದೆ ಹಾಡು ಪಲ್ಲವಿಯಿಂದಲೇ ಆರಂಭ. ಇವಾಂಜೆಲಿಯನ್‌ನ 'ಝಾಂಕೊಕು ನಾ ತೆನ್‌ಶಿ ನೊ ತೇಝೆ' (1995) ಕೂಡ ಹಾಗೆಯೇ. ಟ್ರ್ಯಾಕಿನಲ್ಲಿ ಎಣಿಕೆಯ ಟಿಕ್ ಟಿಕ್ ಇದೆಯೇ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಬೇರೆ ಟ್ರ್ಯಾಕ್ ಹುಡುಕಿ. ಸರದಿ ಬರುವ ಮುಂಚೆ ಪಿಯಾನೊ ಆಪ್‌ನಲ್ಲಿ ಮೊದಲ ಸ್ವರ ಒತ್ತಿ, ಫೋನನ್ನು ಕಿವಿಗೆ ಹಿಡಿದು ಕೇಳಿ. ಮೂಲದ ಸ್ವರವನ್ನಲ್ಲ, ಕೀ ಇಳಿಸಿದ ಮೇಲಿನ ಸ್ವರವನ್ನು.